ಸಂದೂಕದ ವಾಸನೆ

ಯಿ-ವೆನ್‌ಳ ಸೋದರತ್ತೆ ಫುಂಗ್-ಲಿನ್ ಸಂದೂಕದಿಂದ ಸಾವಿನ ಮನೆಯವರು ತೊಡುವ ಸೆಣಬಿನ ಬಟ್ಟೆಗಳನ್ನು ತೆಗೆದು ಕೊಡವುತ್ತಿದ್ದಳು. ಮಡಿಕೆಯಿಂದ ಬಿಳಿಯ ನುಸಿಗುಳಿಗೆಯೊಂದು ಉರುಳಿ ಯಿ-ವೆನ್‌ಳ ಕಾಲ ಬಳಿ ನಿಂತಿತು. ಯಿ-ವೆನ್ ಮಗುವನ್ನು ಅವಚಿಕೊಂಡು ಹೊಸ್ತಿಲಿನತ್ತ ಸರಿದಳು.

"ಎಲ್ಲಿಗೆ ಹೊರಟೆ? ನಿನ್ನಮ್ಮನ್ನ ಎತ್ತೋ ಹೊತ್ತಾಯ್ತು. ಕೂಸನ್ನ ತಾ ಇಲ್ಲಿ, ತಲೆಗೆ ಬಟ್ಟೆ ಕಟ್ಟಬೇಕು."

ಅಂಗಳದಲ್ಲಿ ಅಡಿಕೆ ಜಗಿಯುತ್ತ ಕೂತಿದ್ದ ಆ-ಥಿಯೆನ್ ಚಿಕ್ಕಪ್ಪ ನೆರೆಯವರಿಗೆ ಹೇಳುತ್ತಿದ್ದ. "ಅತ್ತಿಗೆ ಇದ್ದಿದ್ರೆ ಮೊದಲು ಕೂಸಿನ ಹಿಮ್ಮಡಿ ಹುಡುಕ್ತಿದ್ರು, ರಕ್ತ ತೆಗೆಯೋಕೆ. ನಮ್ಮ ಮೇಯ್‌ನೊಂಗ್ ಊರಲ್ಲಿ ಅವರು ಚುಚ್ಚದೆ ಬಿಟ್ಟಿದ್ದು ಮೇಜಿನ ಕಾಲು, ಕುರ್ಚಿ ಕಾಲು ಮಾತ್ರ."

ಯಾರೋ ನಕ್ಕು, ಶವಪೆಟ್ಟಿಗೆಯತ್ತ ನೋಡಿ ಬಾಯಿ ಮುಚ್ಚಿಕೊಂಡರು.

"ಬಟ್ಟೆ ಬೇಡ ಅತ್ತೆ. ಇವನ ಮೈ ಬೆಚ್ಚಗಿದೆ," ಎಂದಳು ಯಿ-ವೆನ್.

"ಬೆಚ್ಚಗಿದ್ರೆ ಒಳ್ಳೇದೇ. ತಣ್ಣಗಾದ್ರೆ ಹೆದರಬೇಕು."

"ವಾಸನೆ ಜೋರಾಗಿದೆ."

"ಓ, ನಿನ್ನಮ್ಮನ ಪಾಠಾನಾ! ನಂಗೂ ಗೊತ್ತು ಕಣೆ. ಕೆಲವರ ರಕ್ತಕ್ಕೆ ಈ ನುಸಿಗುಳಿಗೆ ಆಗಲ್ಲ. ಅದು ಬೇರೆ ಮನೆಗಳ ರಕ್ತ. ನಮ್ಮನೇಲಿದ್ದಿದ್ರೆ ಅವಳೇ ಹೇಳ್ತಿರಲಿಲ್ವಾ?"

ಯಿ-ವೆನ್ ಮಗುವಿನ ಮುಖವನ್ನು ತನ್ನ ಹೆಗಲಿನತ್ತ ತಿರುಗಿಸಿಕೊಂಡಳು.

*

ಮಗು ಹುಟ್ಟಿದ ವಾರ ಅಮ್ಮ ಅವಳನ್ನು ಕಾವ್‌ಶ್ಯುಂಗ್ ನಗರದ ತನ್ನ ಪ್ರಯೋಗಾಲಯಕ್ಕೆ ಕರೆದೊಯ್ದು ಬಾಗಿಲು ಹಾಕಿದ್ದಳು. ಒಬ್ಬರಿಗೆ ಔಷಧಿಯಾದದ್ದು ಇನ್ನೊಬ್ಬರ ದೇಹದಲ್ಲಿ ಹೇಗೆ ವಿಷವಾಗುತ್ತದೆ ಎಂದು ಹುಡುಕುವುದರಲ್ಲೇ ಅಮ್ಮನ ಆಯುಷ್ಯ ಸವೆದಿತ್ತು. ಮಲೇರಿಯಾ ಗುಳಿಗೆ ನುಂಗಿ ಕಪ್ಪು ಮೂತ್ರ ಹೋದ ಸೈನಿಕರ ರಕ್ತದಿಂದ ಶುರುವಾದ ಕೆಲಸ. ಒಮ್ಮೆ, ಆರೋಗ್ಯವಂತರ ರಕ್ತವೂ ಹೋಲಿಕೆಗೆ ಬೇಕಲ್ಲ ಎಂದು ತನ್ನದನ್ನೇ ಹಾಕಿ ನೋಡಿದ್ದಳು. ದೋಷ ಅದರಲ್ಲೇ ಇತ್ತು.

"ನಿನ್ನ ಮಗನಿಗೂ ಇದೆ," ಎಂದಳು ಅಮ್ಮ. "ನಿನ್ನಣ್ಣನಿಗೂ ಇತ್ತು. ತಿಂಗಳು ತುಂಬೋ ಮುಂಚೆ ಮೈಯೆಲ್ಲ ಹಳದಿಯಾಗಿ ತೀರಿಹೋದ. ಆಗ ಯಾರಿಗೂ ಏನೂ ತಿಳೀಲಿಲ್ಲ. ಚಳಿಗಾಲ. ಫುಂಗ್-ಲಿನ್ ಇನ್ನೂ ಸ್ಕೂಲಿಗೆ ಹೋಗೋ ಹುಡುಗಿ. ನಾನು ನಿದ್ದೆ ಮಾಡ್ಲಿ ಅಂತ, ಅವನನ್ನ ಸಂದೂಕದ ನುಸಿಗುಳಿಗೆ ನಾತದ ರಜಾಯಿಯಲ್ಲಿ ಸುತ್ತಿ ಎದೆಗವಚಿಕೊಂಡೇ ಇರ್ತಿದ್ಳು."

"ಆಮೇಲಾದ್ರೂ ಅತ್ತೆಗೆ ಹೇಳಲಿಲ್ವಾ?"

"ಏನಂತ ಹೇಳ್ಲಿ? ರಕ್ತ ನಂದು, ರಜಾಯಿ ಅವಳದು. ಅದಾದ ಮೇಲೆ ಅವಳು ಮದುವೇನೂ ಬೇಡ ಅಂದ್ಳು, ನಿನ್ನನ್ನೇ ಎತ್ತಿ ಆಡಿಸಿದ್ಳು. ನೀನೂ ಹೇಳಬೇಡ. ಮಾತು ಕೊಡು."

ಯಿ-ವೆನ್ ಕೊಟ್ಟಿದ್ದಳು. ಊರಿಗೆ ಹೋದಾಗಲೆಲ್ಲ ಅಮ್ಮ ಸಂದೂಕದ ಗುಳಿಗೆಗಳನ್ನು ಕದ್ದು ಎಸೆಯುತ್ತಿದ್ದುದು ಏಕೆಂದು ಅಂದು ತಿಳಿಯಿತು. ಅತ್ತೆ ಇಲಿಗಳನ್ನು ಬೈದು ಮತ್ತೆ ತಂದು ಹಾಕುತ್ತಿದ್ದಳು. ಈ ವರ್ಷ ಅಮ್ಮನಿಗೆ ಹಾಸಿಗೆಯಿಂದ ಏಳಲಾಗಿರಲಿಲ್ಲ; ಗುಳಿಗೆಗಳು ಹಾಗೇ ಉಳಿದಿದ್ದವು.

*

ಹೊರಗೆ ವಾದ್ಯ ಶುರುವಾಯಿತು. ಹಿಂದೆ ಗೋಡೆ, ಮುಂದೆ ಬಟ್ಟೆ ಹಿಡಿದ ಅತ್ತೆ, ಸುತ್ತ ಮಂಡಿಯೂರಿದ ನೆಂಟರು. ಮಗು ಅತ್ತೆಯನ್ನು ಕಂಡು ಕೈಚಾಚಿ ನಕ್ಕಿತು.

"ನೋಡು, ಇವನಿಗಿರೋ ಬುದ್ಧಿ ನಿಂಗಿಲ್ಲ. ಅಜ್ಜಿಯ ಋಣ ತೀರಿಸೋದು ಬೇಡ್ವಾ?"

ಬಟ್ಟೆ ಮಗುವಿನ ಹಣೆಯ ಹತ್ತಿರ ಬಂತು. ಯಿ-ವೆನ್ ಅತ್ತೆಯ ಮಣಿಕಟ್ಟು ಹಿಡಿದಳು.

"ಇವನಿಗಿದೆ ಅತ್ತೆ."

"ಏನಿದೆ?"

"ಆ ರಕ್ತ. ನನ್ನಿಂದ ಬಂದಿದ್ದು."

ಅಷ್ಟಕ್ಕೇ ನಿಲ್ಲಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ನಿಲ್ಲಲಿಲ್ಲ.

"ನಿಂಗೆಲ್ಲಿಂದ ಬಂತು? ನಮ್ಮ ಕಡೆ ಯಾರಿಗೂ..."

ಯಿ-ವೆನ್‌ಳ ಕಣ್ಣು ಅವಳ ಮಾತು ಕೇಳದೆ ಶವಪೆಟ್ಟಿಗೆಯ ಕಡೆ ಹೋಯಿತು. ಅತ್ತೆಯೂ ಅತ್ತ ನೋಡಿದಳು. ಆಮೇಲೆ ಕೈಯಲ್ಲಿದ್ದ ಬಟ್ಟೆಯನ್ನು, ತೆರೆದಿದ್ದ ಸಂದೂಕವನ್ನು. ಬಹಳ ಹೊತ್ತು ಸಂದೂಕವನ್ನೇ ನೋಡಿದಳು.

"ಅಕ್ಕಾ, ಹೊತ್ತು ಮೀರ್ತಿದೆ!" ಚಿಕ್ಕಪ್ಪ ಕೂಗಿದ.

"ಅಂಗಡಿಯಿಂದ ಹೊಸ ಬಟ್ಟೆ ತರಿಸಿ ಕೂಸಿಗೆ ಕಟ್ಟು," ಎಂದಳು ಅತ್ತೆ. ಧ್ವನಿ ಎಂದಿನಂತೆಯೇ ಇತ್ತು. ಸಂದೂಕ ಮುಚ್ಚಿ, ಅಂಗಳದ ನಲ್ಲಿಯ ಬಳಿ ಹೋಗಿ ಸೋಪು ಹಚ್ಚಿ ಕೈ ತೊಳೆದಳು. ಮೂಸಿ ನೋಡಿದಳು. ಮತ್ತೆ ತೊಳೆದಳು. ಮೊಣಕೈವರೆಗೂ ತೊಳೆದಳು.

ಶವಪೆಟ್ಟಿಗೆ ಮೇಲೆದ್ದಿತು. ಮೆರವಣಿಗೆಯಲ್ಲಿ ಅತ್ತೆ ಪಕ್ಕಕ್ಕೆ ಬಂದಾಗ ಮಗು ರೂಢಿಯಂತೆ ಎರಡೂ ತೋಳು ಚಾಚಿ ಅವಳತ್ತ ಬಾಗಿತು. ಅತ್ತೆ ಒದ್ದೆ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು ನಡೆದಳು. ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.