ಪೂರಾ ಹೇಳು

ಒಂದು ಬಿಳಿ ಗೆರೆ, ಮಿಣುಕುತ್ತದೆ, ಅಡಗುತ್ತದೆ, ಮತ್ತೆ ಮಿಣುಕುತ್ತದೆ, ಲ್ಯಾಪ್‌ಟಾಪಿನ ಕರಿಯ ಪರದೆಯ ಮೇಲೆ ಅದೊಂದೇ ಎಚ್ಚರವಾಗಿರುವುದು, ಬ್ಯಾಡಗಿಯ ಈ ಓಣಿಯಲ್ಲಿ ಮೆಣಸಿನಕಾಯಿ ಚೀಲದ ಲಾರಿ ಹಾದರೆ ಸಾಕು ಬೇನಜೀರಳಿಗೆ ಸೀನು, ಸೀನಿದರೆ ಪ್ಲಾಸ್ಟರ್ ಹಾಕಿದ ಕಾಲು ಜುಮ್ಮೆನ್ನುತ್ತದೆ, ಎನ್ನಲಿ — ಹನ್ನೊಂದಕ್ಕೆ ಇನ್ನು ಹತ್ತು ನಿಮಿಷ, ಹನ್ನೊಂದು ಹೊಡೆದರೆ ರಾಣೆಬೆನ್ನೂರಿನ ಪ್ರೆಸ್ಸಿನಲ್ಲಿ ಅವಳ ಕುರ್ಚಿ ಮೇಘಾಳದು, ಮಾಲೀಕ ಹಾಲೇಶಪ್ಪನವರ ತಂಗಿಯ ಮಗಳು, ಪಾಪ, ಒಳ್ಳೆಯ ಹುಡುಗಿಯೇ, ಆದರೆ ಆರು ವರ್ಷ ಅಲ್ಲಿ ಕೂತು ಲಗ್ನಪತ್ರಿಕೆಯ ಕನ್ನಡದ ಒತ್ತಕ್ಷರ, ಉರ್ದುವಿನ ಚುಕ್ಕೆ ಒಂದೊಂದಾಗಿ ಸರಿಮಾಡಿದವಳು ಮೇಘಾ ಅಲ್ಲ, ಗುಜರಿಗೆ ಹೊರಟಿದ್ದ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಎಬ್ಬಿಸಿದವಳೂ ಅವಳಲ್ಲ. ಮೋಟೆಬೆನ್ನೂರಿನ ಹತ್ತಿರ ಸ್ಕೂಟಿ ಜಾರಿತು, ಅಷ್ಟೇ, ಮುರಿದದ್ದು ಕಾಲು, ಬೆರಳಲ್ಲ, ಆದರೂ ನಿನ್ನೆ ಫೋನಿನಲ್ಲಿ ಹಾಲೇಶಪ್ಪನವರು ಹೇಳುತ್ತಲೇ ಹೋದರು, ಮನ್ಯಾಗ ಆರಾಮ ತಗೋ ತಂಗಿ, ಮೇಘಾನ್ನ ಕುಂದ್ರಸ್ತೀನಿ, ಇವಳು ಹ್ಞೂಂ, ಹ್ಞೂಂ ಎನ್ನುತ್ತಲೇ ಹೋದಳು — ಕೇಳುತ್ತಿದ್ದೇನೆ ಎನ್ನುವ ಹ್ಞೂಂ ಅದು, ಹ್ಞೂಂಗುಡದಿದ್ದರೆ ಆ ಕಡೆಯವರು ಲೈನ್ ಕಟ್ಟಾಯಿತೆಂದು ಹಲೋ ಹಲೋ ಎನ್ನುತ್ತಾರಲ್ಲ — ಕೊನೆಗೆ ಅವರೇ, ನೀನ ಹ್ಞೂಂ ಅಂದಿ, ಮುಗೀತು ತಗೋ. ಯಾವ ಹ್ಞೂಂ ಮುಗಿಯಿತು, ಮನ್ಯಾಗಿಂದನ ಮಾಡ್ತೇನ್ರಿ ಸರ್ ಎಂದರೆ ನಕ್ಕರು, ನಾಳೆ ಹನ್ನೊಂದರೊಳಗ ಅಲ್ಲೇ ಕುಂತು ಇಲ್ಲಿನ ಈ ಕಂಪ್ಯೂಟರ್ ತೆರೆದು ತೋರಸು, ಆಮ್ಯಾಲ ಮಾತಾಡೂಣು. ಆ ನಗು ರಾತ್ರಿಯೆಲ್ಲ ಕಿವಿಯಲ್ಲೇ ಇತ್ತು.

ತೋರಿಸುತ್ತಾಳೆ, ಹಗ್ಗದ ಮೇಲೆ ನಡೆಯುವುದೇನಲ್ಲ, ನಡುವೆ ಯಾರೂ ಇಣುಕದ ಹಾಗೆ ಬೀಗ ಹಾಕಿದ ದಾರಿಯೊಂದನ್ನು ಇಂಟರ್ನೆಟ್ಟಿನಲ್ಲಿ ಇಲ್ಲಿಂದ ಪ್ರೆಸ್ಸಿನ ಕಂಪ್ಯೂಟರಿಗೆ ತೆರೆಯಬೇಕು, ತೆರೆಯಲು ಹೊರಟಳು, ಪರದೆ ಇಂಗ್ಲಿಷಿನಲ್ಲಿ ಕೇಳುತ್ತದೆ, ಈ ಯಂತ್ರದ ಗುರುತು ನನಗಿಲ್ಲ, ಖಂಡಿತ ಮುಂದುವರಿಯಲೇ, ಕೆಳಗೆ ಆ ಯಂತ್ರದ ಗುರುತಾಗಿ ಉದ್ದನೆಯ ಅಕ್ಷರಗಳ ಸಾಲು, ಪ್ರೆಸ್ಸಿನ ಅಂಜಿನಪ್ಪ ಮಸಿಗೈಯಲ್ಲೇ ಫೋಟೊ ತೆಗೆದು ಕಳಿಸಿದ ಅಕ್ಷರಗಳೇ, ತಾಳೆಯಾಯಿತು, ಅವಸರದಲ್ಲಿ ಯೆಸ್ ಎನ್ನುವ ಬದಲು ವೈ ಒಂದನ್ನೇ ಒತ್ತಿದಳು, ಒಪ್ಪಲಿಲ್ಲ, ಅರ್ಧ ನಡೆಯುವುದಿಲ್ಲ, ಪೂರಾ ಬರೆ — ಪೂರಾ ಹೇಳು ಬೇಟಾ, ಹ್ಞೂಂ ಅಂದ್ರ ನಡ್ಯಂಗಿಲ್ಲ, ಇದು ನಿನ್ನ ಬಾಯಿಂದನ ಬರಬೇಕು, ಅವಳ ನಿಕಾಹದ ದಿನ ಹುಡುಗಿಯ ಒಪ್ಪಿಗೆ ಕೇಳುವ ವಕೀಲನಾಗಿ ಒಳಕೋಣೆಗೆ ಬಂದ ಚಮನಸಾಬ ಮಾಮು ಅಂದದ್ದೂ ಹೀಗೆಯೇ, ಹೊರಗೆ ಊಟಕ್ಕೆ ಹೊತ್ತಾಯಿತೆಂದು ಎಲ್ಲರೂ ಅವಸರ ಮಾಡುತ್ತಿದ್ದರೂ ಚಾಪೆ ಬಿಟ್ಟು ಏಳಲಿಲ್ಲ ಮನುಷ್ಯ, ದುಪಟ್ಟಾದೊಳಗಿಂದ ಅವಳು ಕಬೂಲ್ ಹೈ ಎಂದು ಮೂರು ಸಲ ಬಿಡಿಸಿ ಹೇಳುವ ತನಕ — ಮಾಮುವಿಗೆ ಗೊತ್ತಿದ್ದದ್ದು ಈ ಮಷಿನ್ನಿಗೂ ಗೊತ್ತು, ಹಾಲೇಶಪ್ಪನವರಿಗೆ ಗೊತ್ತಿಲ್ಲ. ಯೆಸ್, ಇಂಗ್ಲಿಷಿನ ಮೂರಕ್ಷರ, ಪೂರಾ ಒತ್ತಿದಳು, ಈಗ ಪಾಸ್‌ವರ್ಡ್, ಒತ್ತಿದರೆ ಏನೂ ಕಾಣುವುದಿಲ್ಲ, ಒಂದು ಚುಕ್ಕೆಯೂ ಇಲ್ಲ, ಗೆರೆ ಇದ್ದಲ್ಲೇ ಮಿಣುಕುತ್ತದೆ, ಕಾಣದಿದ್ದರೆ ಏನಾಯಿತು, ಬೆರಳಿಗೆ ಗೊತ್ತು.

ತೆರೆಯಿತು — ರಾಣೆಬೆನ್ನೂರಿನ ಪರದೆ, ಅವಳದೇ ಹಳದಿ ಹಿನ್ನೆಲೆ, ಅವಳು ಅರ್ಧಕ್ಕೆ ಬಿಟ್ಟ ಕರ್ಜಗಿಯವರ ಲಗ್ನಪತ್ರಿಕೆ, ಮೌಸಿನ ಬಾಣದ ಗುರುತನ್ನು ಎಡಕ್ಕೆ ಎಳೆದಳು, ಬರುತ್ತದೆ, ಬಂದು ನಿಂತು ತಾನಾಗಿ ಬಲಕ್ಕೆ ಸರಿಯುತ್ತದೆ, ಅಂದರೆ ಕುರ್ಚಿಯಲ್ಲಿ ಆಗಲೇ ಯಾರೋ ಕೂತಿದ್ದಾರೆ, ಹನ್ನೊಂದಾಗಲು ಇನ್ನೂ ನಾಲ್ಕು ನಿಮಿಷವಿದೆ, ಸಿಟ್ಟು ನೆತ್ತಿಗೇರಿತು, ಎಡಕ್ಕೆ ಎಳೆದಳು, ಅದು ಬಲಕ್ಕೆ, ಮತ್ತೆ ಎಡಕ್ಕೆ, ಆಮೇಲೆ ಆ ಕೈ ಬಿಟ್ಟಿತು, ಬಾಣ ಇವಳದಾಯಿತು, ಖಾಲಿ ಹಾಳೆ ತೆರೆದು ಲಗ್ನಪತ್ರಿಕೆಯ ದಪ್ಪಕ್ಷರದಲ್ಲಿ ಹೊಡೆದಳು, ನಾ ಹ್ಞೂಂ ಅಂದದ್ದು ಕೇಳಾಕ, ಕುರ್ಚಿ ಬಿಡಾಕ ಅಲ್ಲ. ಫೋನ್ ಹೊಡೆದುಕೊಳ್ಳುತ್ತದೆ, ಹಾಲೇಶಪ್ಪನವರೇ, ಎತ್ತಿ ಕಿವಿಗಿಟ್ಟಳು, ಏನಿದು ತಂಗಿ, ಹಿಂಗ ಮಾಡಿದ್ರ ಹೆಂಗ, ಮೇಘಾ ಅಂಜಿ ಎದ್ದ ನಿಂತಾಳ, ನಿನ್ನೆ ನೀನ ಒಪ್ಪಿದ್ದಿ ಹೌದಲ್ಲ — ಗಂಟಲಿಗೆ ಬಂದ ಹ್ಞೂಂ ಅನ್ನು ಅಲ್ಲೇ ಕಚ್ಚಿ ಹಿಡಿದಳು, ಬಿಡಲಿಲ್ಲ, ಹಲೋ, ಕೇಳಾಕತ್ತೈತೇನು, ಹಲೋ, ಹಲೋ, ಒಂದು ಕೈಯಲ್ಲಿ ಫೋನ್, ಇನ್ನೊಂದು ಕೈಯಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾಳೆ, ಇ, ಲ್ಲ, ಹಲೋ, ಅಲ್ಲಿ ಅವರ ಕಣ್ಣೆದುರಿಗೆ, ಪೂರಾ, ಇಲ್ಲ, ಅದರ ಪಕ್ಕದಲ್ಲಿ ಬಿಳಿ ಹಾಳೆಯ ಮೇಲೆ ಕರಿಯ ಗೆರೆ, ಮಿಣುಕುತ್ತದೆ, ಅಡಗುತ್ತದೆ, ಮಿಣುಕುತ್ತದೆ