ಕಿವಿ ಕೇಳದವರಿಗೆ ಕರೆ

ನಮ್ಮ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರಿಗೆ ಫೋನಿನಲ್ಲಿ ಮಾತಾಡಲು ಆಗುವುದಿಲ್ಲ. ಇದು ದೊಡ್ಡ ಶೋಧವೇನಲ್ಲ; ಕಿವಿಗೆ ಹಾಕುವ ಮಷೀನು ಮಾರುವ ಅಂಗಡಿಯಲ್ಲಿ ಕೂತವರಿಗೆ ಮೊದಲ ದಿನವೇ ತಿಳಿಯುವ ಸಂಗತಿ. ಗ್ರಾಹಕರ ವಿವರ ನೋಡಿಕೊಳ್ಳಲು ಒಂದು ಸಾಫ್ಟ್‌ವೇರ್ ಆರಿಸು ಎಂದು ಅಣ್ಣ ನನಗೆ ಒಪ್ಪಿಸಿದಾಗ, ಮಾರಲು ಬಂದ ಪ್ರತಿಯೊಬ್ಬರಿಗೂ ನಾನು ಕೇಳಿದ ಮೊದಲ ಪ್ರಶ್ನೆ ಅಲ್ಲಿಂದಲೇ ಹುಟ್ಟಿತ್ತು: ನಿಮ್ಮದು ಜನರಿಗೆ ನೆನಪಿಸುವುದು ಬರಹದಲ್ಲೋ, ದನಿಯಲ್ಲೋ?

ಅಂಗಡಿ ಅಪ್ಪ ಶುರುಮಾಡಿದ್ದು. ಮುಂದೆ ಗಾಜಿನ ಕೌಂಟರು, ಗೋಡೆಗೆ ಒರಗಿದ ಕುರ್ಚಿಗಳು. ಹಿಂದೆ ಕಿವಿಯ ಅಳತೆಗೆ ಅಚ್ಚು ಉಜ್ಜುವ ಸಣ್ಣ ಕೋಣೆ. ಎರಡರ ನಡುವೆ, ದಪ್ಪ ಬಾಗಿಲಿನ, ಹೊರಗಿನ ಸದ್ದು ಒಳಗೆ ಬಾರದ ಕಿವಿ ಪರೀಕ್ಷೆಯ ಕೋಣೆ. ಅಪ್ಪ ತೀರಿಕೊಂಡಾಗ ನಾನಿನ್ನೂ ಓದುತ್ತಿದ್ದೆ; ಪರವಾನಗಿ ಅಣ್ಣನ ಹೆಸರಿಗಾಯಿತು. “ಓದು ಮುಗಿಸಿ ಬಾ, ಅಂಗಡಿ ಇಬ್ಬರದ್ದು” ಎಂದಿದ್ದ. ಆ ಒಂದು ಮಾತನ್ನು ನಂಬಿ ಆಸ್ಪತ್ರೆಯ ಕೆಲಸ ಬಿಟ್ಟು ಬಂದೆ. ಬಂದ ಮೇಲೆ ಪರೀಕ್ಷೆಯೆಲ್ಲ ನನ್ನದು, ವ್ಯಾಪಾರವೆಲ್ಲ ಅವನದು. ಪಾಲುದಾರಿಕೆಯ ಪತ್ರ ಮಾತ್ರ ಯಾಕೋ ಮುಂದಕ್ಕೆ ಹೋಗುತ್ತಲೇ ಇತ್ತು.

“ನೋಡು ತಕ್ಕಡಿ,” ಎಂದ ಅಣ್ಣ. ಚಿಕ್ಕಂದಿನಲ್ಲಿ ಹಾಲಿಗೆ ಸಕ್ಕರೆಯನ್ನೂ ಅಳೆದೇ ಹಾಕಿಕೊಳ್ಳುತ್ತಿದ್ದೆನಾದ್ದರಿಂದ ಅವನಿಟ್ಟ ಹೆಸರು ಅದು. “ಯಾರಿಗೆ ಯಾವ ಮಷೀನು, ಯಾವ ಬ್ಯಾಟರಿ, ಒಂದಷ್ಟು ನಿನ್ನ ತಲೇಲಿದೆ, ಒಂದಷ್ಟು ನನ್ನ ತಲೇಲಿದೆ, ಮಿಕ್ಕಿದ್ದು ಡಬ್ಬದ ಮೇಲೆ ಅಂಟಿಸಿದ ಚೀಟೀಲಿದೆ. ಎಲ್ಲಾ ಒಂದು ಕಡೆ ಬರ್ಲಿ. ನಿನ್ನಷ್ಟು ಚೊಕ್ಕವಾಗಿ ಮಾಡೋರು ಯಾರೂ ಇಲ್ಲ.”

“ಆಮೇಲೆ?”

“ಆಮೇಲೆ ಸೀದಾ ವಕೀಲರ ಹತ್ರ. ಅರ್ಧ ನಿನಗೆ ಕೊಡೋವಾಗ ಅಂಗಡಿ ಅಚ್ಚುಕಟ್ಟಾಗಿ ಇರ್ಬೇಡ್ವಾ?”

ಅಚ್ಚುಕಟ್ಟು ಎಂಬ ಪದ ಕೇಳಿದರೆ ನಾನು ಕರಗುತ್ತೇನೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು.

ಮೂರು ಸಾಫ್ಟ್‌ವೇರ್‌ಗಳನ್ನು ತರಿಸಿ ಪರೀಕ್ಷಿಸಿದೆ. ಅವುಗಳ ಉದ್ದುದ್ದ ಹೆಸರು ಬಾಯಿಗೆ ಬಾರದೆ, ಪರದೆಯ ಬಣ್ಣ ನೋಡಿ ಕಿತ್ತಳೆ, ನೀಲಿ, ಹಸಿರು ಎಂದು ಕರೆಯತೊಡಗಿದೆವು. ಕಿತ್ತಳೆಯಲ್ಲಿ ಒಬ್ಬ ಗ್ರಾಹಕನಿಗೆ ಒಂದೇ ವಸ್ತು ಬರೆಯಲು ಜಾಗವಿತ್ತು. ಮನುಷ್ಯನಿಗೆ ಕಿವಿ ಎರಡಿರುತ್ತವೆ, ಎರಡೂ ಒಂದೇ ಪ್ರಮಾಣದಲ್ಲಿ ಕೆಡುವುದಿಲ್ಲ ಎಂದು ಅದರ ಮಾರಾಟಗಾರನಿಗೆ ವಿವರಿಸಲು ಒಂದು ಮಧ್ಯಾಹ್ನವೇ ಹಿಡಿಯಿತು. ನೀಲಿಯಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ಜಾಗ, ಯಾವ ಸದ್ದು ಎಷ್ಟು ಕೇಳುತ್ತದೆಂದು ತೋರಿಸುವ ಪರೀಕ್ಷೆಯ ನಕ್ಷೆ ಸೇರಿಸಲು ಅನುಕೂಲ, ನೆನಪಿಸುವುದು ದೊಡ್ಡ ಅಕ್ಷರದ ಸಂದೇಶದಲ್ಲಿ. ಹಸಿರಿನಲ್ಲಿ ಅಂಕಿಅಂಶಗಳ ಚಿತ್ರಗಳು ಕಣ್ಣು ಕುಕ್ಕುವಷ್ಟು ಚೆಂದ. ಆದರೆ ಅದು ನೆನಪಿಸುವುದು ಫೋನು ಮಾಡಿ, ಮೊದಲೇ ಮುದ್ರಿಸಿಟ್ಟ ಹೆಣ್ಣುದನಿಯಲ್ಲಿ. ಪರೀಕ್ಷೆಗೆಂದು ನನ್ನ ಫೋನಿನ ಸಂಖ್ಯೆಯನ್ನೇ ಒಬ್ಬ ಗ್ರಾಹಕಿಯದೆಂದು ಸೇರಿಸಿ ನೋಡಿದ್ದೆ. ದನಿ ಇಂಪಾಗಿತ್ತು, ವೇಗವಾಗಿತ್ತು. ನಮ್ಮವರಲ್ಲಿ ಒಬ್ಬರಿಗೂ ಅರ್ಥವಾಗುವಂತಿರಲಿಲ್ಲ.

ನೀಲಿಯೇ ಸರಿ ಎಂದು ಕಾರಣಸಮೇತ ಅಣ್ಣನ ಮುಂದಿಟ್ಟೆ. ಅವನು ತಾಳ್ಮೆಯಿಂದ ಕೇಳಿದ. ಕೇಳಿ, “ಹಸಿರು ತಗೊಳ್ಳೋಣ” ಎಂದ.

“ಅಣ್ಣಾ, ಅದು ಫೋನ್ ಮಾಡುತ್ತೆ. ಕಿವಿ ಕೇಳದವರಿಗೆ ಫೋನ್ ಮಾಡುತ್ತೆ!”

“ಮನೇಲಿ ಬೇರೆ ಯಾರಾದ್ರೂ ಎತ್ತುತ್ತಾರೆ ಬಿಡು.”

“ನಮ್ಮಲ್ಲಿ ಬ್ಯಾಟರಿಗೆ ಬರೋ ಮೇಷ್ಟ್ರ ಮನೇಲಿ ಯಾರಿದ್ದಾರೆ? ಅವರು, ಅವರ ಬೆಕ್ಕು.”

“ಬೆಕ್ಕಿಗೆ ಕಿವಿ ಚೆನ್ನಾಗೇ ಇದೆಯಲ್ಲ.”

ನಗು ತಡೆಯಲಾಗಲಿಲ್ಲ. ಅಣ್ಣ ನಗಿಸಿದನೆಂದರೆ ವಾದ ಅಲ್ಲಿಗೆ ಮುಗಿಯುವುದು ನಮ್ಮ ಮನೆಯ ರೂಢಿ. ನಗು ನಿಂತ ಮೇಲೆ, “ದೊಡ್ಡ ದೊಡ್ಡವರೆಲ್ಲ ಅದನ್ನೇ ಇಟ್ಕೊಂಡಿದ್ದಾರೆ. ನಾಳೆ ನಾವೂ ಬೆಳೀಬೇಕಲ್ವಾ?” ಎಂದ. ನಾವು ಎಂದದ್ದರಲ್ಲಿ ನಾನೂ ಸೇರಿದ್ದೇನೆ ಎಂದು ತಿಳಿದೆ. ಆರಿಸುವ ಕೆಲಸ ನನಗೆ ಕೊಟ್ಟು, ಕೊನೆಗೆ ತಾನೇ ಆರಿಸಿದ್ದು ವಿಚಿತ್ರವೆನಿಸಿತು. ಆದರೆ ಪತ್ರ ಆಗಲಿ, ಆಮೇಲೆ ಬದಲಾಯಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ.

ಮುಂದಿನ ವಾರಗಳಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ವಿವರ ತುಂಬಿದೆ. ನಮ್ಮ ಜನ ತಮ್ಮ ಕಿವಿಯ ಬಗ್ಗೆ ಸುಲಭವಾಗಿ ಬಾಯಿಬಿಡುವವರಲ್ಲ. ಬೀದಿಯ ತುದಿಯ ಟೈಲರಮ್ಮ ಹೊಲಿಗೆ ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಕಿವಿಯ ಮಷೀನನ್ನು ಕೂದಲಿನ ಮರೆಯಲ್ಲಿ ಅಡಗಿಸಿಕೊಂಡು ಓಡಾಡುತ್ತಿದ್ದರು. ಸ್ವಂತ ತಂಗಿಗೂ ಹೇಳಿರಲಿಲ್ಲವಂತೆ.

“ಇದನ್ನೆಲ್ಲ ಕಂಪ್ಯೂಟರಿಗೆ ಯಾಕಮ್ಮ ಹೇಳ್ಬೇಕು?” ಎಂದು ಅನುಮಾನದಿಂದ ಪರದೆಯತ್ತ ನೋಡಿದರು. “ನಾಳೆ ಯಾರ್ಯಾರ ಕೈಗೆ ಹೋಗುತ್ತೋ.”

“ನಮ್ಮ ಅಂಗಡಿ ಬಿಟ್ಟು ಎಲ್ಲೂ ಹೋಗಲ್ಲ,” ಎಂದೆ, ಅವರ ಮುಖಕ್ಕೆ ಮುಖ ಕೊಟ್ಟು, ತುಟಿ ಕಾಣುವಂತೆ. “ನಾನೇ ನೋಡ್ಕೋತೀನಿ.”

“ನೀನು ಅಂದ್ರೆ ಸರಿ. ನಿಮ್ಮಣ್ಣ ಹೇಳಿದ್ರೆ ಒಪ್ತಿರಲಿಲ್ಲ. ಅವನು ಮಾತಾಡ್ತಾ ಮಾತಾಡ್ತಾ ಎರಡನೇ ಮಷೀನೂ ಕಟ್ಟಿಬಿಡ್ತಾನೆ.”

ಎಲ್ಲರಿಗೂ ಇದೇ ಭರವಸೆ ಕೊಟ್ಟೆ. ಎಡಗಿವಿ, ಬಲಗಿವಿ, ಯಾರ ಜೊತೆಗಿದ್ದಾರೆ, ಯಾವ ದನಿ ಹೆಚ್ಚು ತೊಡಕು, ಎಲ್ಲವನ್ನೂ ಒಂದು ತಪ್ಪಿಲ್ಲದೆ ಸೇರಿಸಿದೆ. ಕೆಲಸ ಮುಗಿದ ದಿನ ಅಣ್ಣ ಪರದೆಯನ್ನು ಮೇಲಿಂದ ಕೆಳಗೆ ನೋಡಿ ನನ್ನ ತಲೆ ಸವರಿದ. ಅಂಥ ಪ್ರೀತಿ ತೋರಿಸಿ ಬಹಳ ದಿನವಾಗಿತ್ತು.

ನಾಲ್ಕೈದು ದಿನಗಳ ನಂತರ, ನಾನು ಬಾಗಿಲು ತೆರೆಯುವ ಹೊತ್ತಿಗೆ ಮೇಷ್ಟ್ರು ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಕೈಯಲ್ಲಿ ಫೋನು ಹಿಡಿದು, ಪಾಠ ಒಪ್ಪಿಸದ ವಿದ್ಯಾರ್ಥಿಯನ್ನು ನೋಡುವಂತೆ ಅದನ್ನು ನೋಡುತ್ತಿದ್ದರು.

“ಯಾರೋ ಹೆಂಗಸು ಮಾಡಿದ್ಲು. ಯಾರಮ್ಮಾ ಅಂದ್ರೆ ನಿಲ್ಲಿಸಲ್ಲ. ನಿಧಾನ ಹೇಳು ಅಂದ್ರೆ ಕೇಳಲ್ಲ. ಅವಳಿಗೂ ನಿನ್ನ ಹತ್ರ ಒಂದು ಮಷೀನು ಹಾಕಿಸು!”

ಅವರ ಹಿಂದೆಯೇ ಇನ್ನೂ ಕೆಲವರು ಬಂದರು. ಎಲ್ಲರದೂ ಅದೇ ದೂರು: ಫೋನು ಬಂತು, ಏನೆಂದು ತಿಳಿಯಲಿಲ್ಲ. ಬ್ಯಾಟರಿ ಬದಲಿಸಲು ನೆನಪಿಸುವ ಕರೆ ಇರಬೇಕು ಎಂದುಕೊಂಡು, ನೋಡು, ನಾನು ಹೇಳಿದಂತೆಯೇ ಆಯಿತು ಎಂದು ಅಣ್ಣನನ್ನು ಛೇಡಿಸಲು ಮಾತು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಟೈಲರಮ್ಮ ಸೊಸೆಯನ್ನು ಕರೆದುಕೊಂಡು ಬಂದರು. ಅತ್ತೆಗೆ ಬಂದ ಕರೆಯನ್ನು ಪೂರ್ತಿ ಕೇಳಿದವಳು ಆ ಸೊಸೆಯೊಬ್ಬಳೇ.

“ಏನಕ್ಕಾ, ಅಂಗಡಿ ಮಾರಿಬಿಟ್ರಂತೆ? ಒಂದು ಮಾತೂ ಹೇಳಲಿಲ್ಲ.”

“ಯಾರು ಹೇಳಿದ್ದು?”

“ನಿಮ್ಮ ಫೋನೇ ಹೇಳ್ತಲ್ಲ!”

ಕೌಂಟರಿನ ಮೇಲಿದ್ದ ನನ್ನ ಫೋನು ಹೊಡೆದುಕೊಂಡಿತು. ಪರೀಕ್ಷೆಗೆಂದು ಸೇರಿಸಿದ್ದ ನನ್ನ ಸಂಖ್ಯೆಯನ್ನು ಅಳಿಸಿರಲಿಲ್ಲ. ಅದೇ ಇಂಪಾದ ದನಿ: ಪ್ರಿಯ ಗ್ರಾಹಕರೇ, ಮುಂದಿನ ತಿಂಗಳಿಂದ ನಿಮ್ಮ ನೆಚ್ಚಿನ ಕೇಂದ್ರವು ನಮ್ಮ ಒಂಬತ್ತನೆಯ ಶಾಖೆಯಾಗಿ ನಿಮ್ಮ ಸೇವೆಗೆ ಬರಲಿದೆ, ನಿಮ್ಮ ವಿವರಗಳೆಲ್ಲ ಈಗಾಗಲೇ ನಮ್ಮಲ್ಲಿ ಸುರಕ್ಷಿತವಾಗಿವೆ. ಕೊನೆಗೆ, ನಮ್ಮಂತೆಯೇ ಕಿವಿಯ ಮಷೀನು ಮಾರುವ ಪೇಟೆಯ ದೊಡ್ಡ ಅಂಗಡಿಯವರ ಹೆಸರು. ಅಷ್ಟೂ ಜನರ ನಡುವೆ ನಿಂತು ಮೊದಲಿಂದ ಕೊನೆಯವರೆಗೆ ಕೇಳಿದೆ. ನನ್ನ ಕಿವಿಯಲ್ಲಿ ಯಾವ ದೋಷವೂ ಇಲ್ಲ.

ಅಣ್ಣ ಬಂದ ಕೂಡಲೇ ಪರೀಕ್ಷೆಯ ಕೋಣೆಗೆ ಕರೆದು ಬಾಗಿಲು ಹಾಕಿದೆ. ಆ ಕೋಣೆಯಲ್ಲಿ ಉಸಿರಾಡುವುದೂ ಕೇಳಿಸುತ್ತದೆ. ನಾನಿನ್ನೂ ಬಾಯಿ ತೆರೆದಿರಲಿಲ್ಲ.

“ಫೋನು ಮುಂದಿನ ವಾರ ಮಾಡ್ತೀವಿ ಅಂದಿದ್ರು,” ಎಂದ. “ಆತುರಗೇಡಿಗಳು.”

ಅವನು ಆಡಿದ ಮೊದಲ ಮಾತು ಅದು. ಸುಳ್ಳಾದರೂ ಹೇಳಬಹುದು, ಏನೋ ತಪ್ಪು ತಿಳುವಳಿಕೆ ಎನ್ನಬಹುದು ಎಂದು ಒಳಗೊಳಗೆ ಕಾಯುತ್ತಿದ್ದ ನನಗೆ ಅಷ್ಟೂ ಸಿಗಲಿಲ್ಲ.

“ನನಗೆ ಯಾವತ್ತು ಹೇಳೋವನಿದ್ದೆ?”

“ಹೇಳ್ಬೇಕು ಅಂತಲೇ ಇದ್ದೆ ಕಣೇ. ಸಮಯ ನೋಡ್ತಿದ್ದೆ.”

“ಅತ್ತಿಗೆಗೆ ಗೊತ್ತಿತ್ತಾ?”

ಅಣ್ಣ ಪರೀಕ್ಷೆಯ ಯಂತ್ರದ ಗುಂಡಿಯೊಂದನ್ನು ಸುಮ್ಮನೆ ತಿರುಗಿಸಿದ. ಹಿಂದಿನ ಭಾನುವಾರವಷ್ಟೇ ಅತ್ತಿಗೆ ನನಗೆ ಒತ್ತಿ ಒತ್ತಿ ಬಡಿಸಿದ್ದರು. ಪಾಲುದಾರಳಾದ ಮೇಲೆ ನಮ್ಮನ್ನೆಲ್ಲ ಮರೀಬೇಡ ಎಂದು ಕೀಟಲೆ ಮಾಡಿದ್ದರು.

“ಹಸಿರು ಸಾಫ್ಟ್‌ವೇರು ಅವರ ಅಂಗಡೀದಾ?”

“ಅವರ ಎಲ್ಲಾ ಶಾಖೇಲೂ ಅದೇ. ಇಲ್ಲಿಂದ ಅಲ್ಲಿಗೆ ಸೇರಿಸೋಕೆ ಸಲೀಸು. ಗ್ರಾಹಕರ ವಿವರ ಸರಿಯಾಗಿದ್ರೆ ಮಾತ್ರ ತಗೋತೀವಿ ಅಂದಿದ್ರು.”

“ಮೊದಲೇ ಹೇಳಬಹುದಿತ್ತಲ್ಲ?”

“ಹೇಳಿದ್ರೆ ಮಾಡ್ತಿದ್ದೆಯಾ?”

“ಇಲ್ಲ.”

“ಅದಕ್ಕೇ.”

ಅವನ ದನಿಯಲ್ಲಿ ಕೆಡುಕಿರಲಿಲ್ಲ. ನನ್ನನ್ನು ಅವನಷ್ಟು ಕರಾರುವಾಕ್ಕಾಗಿ ಬಲ್ಲವರು ಇನ್ನೊಬ್ಬರಿಲ್ಲ. ಆ ಬಲ್ಲತನವನ್ನೇ ಉಪಯೋಗಕ್ಕೆ ಹಚ್ಚಿದ್ದ. ಎಲ್ಲಿ ನಗಿಸಬೇಕು, ಯಾವ ಆಸೆ ತೋರಿಸಬೇಕು, ಯಾವಾಗ ತಲೆ ಸವರಬೇಕು, ಎಲ್ಲವೂ ಅಳತೆಗೆ ಸರಿಯಾಗಿ ಕೂತಿತ್ತು.

“ನಿನ್ನ ನಡುನೀರಲ್ಲಿ ಬಿಟ್ಟಿಲ್ಲ,” ಎಂದ. “ನಿನ್ನೂ ಇಟ್ಕೋತಾರೆ. ನಾನೇ ಮಾತಾಡಿದ್ದೀನಿ.”

“ಕುರ್ಚಿ, ಯಂತ್ರದ ಜೊತೆ ನನ್ನನ್ನೂ ಎಣಿಸಿ ಕೊಟ್ಟೆಯಾ?”

“ಹಾಗಂದ್ರೆ ಹೇಗೆ? ನನಗೂ ಸಾಕಾಗಿದೆ ಕಣೇ. ಅಪ್ಪನ ಅಂಗಡಿ, ಅಪ್ಪನ ಅಂಗಡಿ ಅಂತ ಎಷ್ಟು ದಿನ ಕೂತಿರೋದು?” ಬಾಗಿಲ ಹಿಡಿಕೆಗೆ ಕೈಹಾಕಿ ನಿಂತ. “ಈಗ ಹೊರಗೆ ಹೋಗಿ ಒಂದು ಮಾತು ಹೇಳು. ಏನೂ ಬದಲಾಗಲ್ಲ, ನಾನಿರ್ತೀನಿ ಅಂತ. ನೀನು ಹೇಳಿದ್ರೆ ನಂಬ್ತಾರೆ.”

ನನ್ನ ಪಾಲಿಗೆ ಉಳಿದದ್ದು ಆ ನಂಬಿಕೆಯೊಂದೇ. ಅದನ್ನೂ ಕೇಳುತ್ತಿದ್ದ.

ನಾನು ಹೊರಗೆ ಹೋದೆ. ಮುದ್ರಣದ ಯಂತ್ರ ಹಚ್ಚಿ, ಕೂತಿದ್ದವರ ಪರೀಕ್ಷೆಯ ನಕ್ಷೆಗಳನ್ನು ಒಂದೊಂದಾಗಿ ತೆಗೆದು ಅವರವರ ಕೈಗೆ ಕೊಡತೊಡಗಿದೆ. ಅಣ್ಣ ಓಡಿಬಂದು, “ಏನ್ಮಾಡ್ತಿದ್ದೀಯ? ಅದು ಕೈಲಿದ್ರೆ ಎಲ್ಲಿಗೆ ಬೇಕಾದ್ರೂ ಹೋಗ್ತಾರೆ!” ಎಂದು ತಗ್ಗಿದ ದನಿಯಲ್ಲಿ ಗದರಿದ. ಆ ಗುಂಪಿನಲ್ಲಿ ದನಿ ತಗ್ಗಿಸುವ ಅಗತ್ಯವೇ ಇರಲಿಲ್ಲ.

“ಹೋಗಲಿ,” ಎಂದೆ.

ಅವನು ಪರೀಕ್ಷೆಯ ಕೋಣೆಗೆ ಮರಳಿ ಬಾಗಿಲು ಹಾಕಿಕೊಂಡ.

ಮೇಷ್ಟ್ರು ನಕ್ಷೆಯನ್ನು ಮಡಚಿ ಜೇಬಿಗಿಟ್ಟು, ಏನೂ ಕೇಳದೆ ಮೆಟ್ಟಿಲಿಳಿದರು. ಟೈಲರಮ್ಮ ಮಾತ್ರ ಹಾಳೆಯನ್ನು ಮುಟ್ಟಲಿಲ್ಲ. ಸೊಸೆ ಕಿವಿಯ ಹತ್ತಿರ ಬಾಗಿ ಕರೆಯಲ್ಲಿದ್ದುದನ್ನು ಅಷ್ಟರಲ್ಲಿ ಪೂರ್ತಿ ತಿಳಿಸಿದ್ದಳು.

“ಎಲ್ಲೂ ಹೋಗಲ್ಲ ಅಂದಿದ್ದೆಯಲ್ಲಮ್ಮ.”

“ನನಗೂ ಗೊತ್ತಿರಲಿಲ್ಲ, ಟೈಲರಮ್ಮ.”

“ಏನು?”

ಅವರ ಮುಂದೆ ಮೊಣಕಾಲೂರಿ ಕೂತೆ. “ನನಗೂ ಹೇಳಿರಲಿಲ್ಲ! ನನಗೂ ಮೋಸ ಆಗಿದೆ! ನಾನು ಇನ್ನು ಇಲ್ಲಿರಲ್ಲ!” ಎಂದು ಬೀದಿಗೆ ಕೇಳುವಂತೆ ಕೂಗಿದೆ. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

“ನೀನೇ ತಾನೇ ಕೂತು ಬರ್ಕೊಂಡಿದ್ದು?” ಎಂದರು ಟೈಲರಮ್ಮ, ಮೆಲ್ಲಗೆ. ಆಮೇಲೆ ಮುಗುಳ್ನಕ್ಕು ತಲೆಯಾಡಿಸಿದರು.

ಕಿವಿ ಮಂದವಾದವರಿಗೆ ಅಂಥದ್ದೊಂದು ತಲೆಯಾಟವಿರುತ್ತದೆ. ಎದುರಿನವರು ಹೇಳಿದ್ದು ತಿಳಿಯದಿದ್ದಾಗ, ಮತ್ತೆ ಕೇಳಲು ಸಂಕೋಚವಾದಾಗ, ಮಾತು ಇಲ್ಲಿಗೆ ಮುಗಿಯಲಿ ಎನಿಸಿದಾಗ ಹಾಗೆ ಆಡಿಸುತ್ತಾರೆ. ನಿಜವಾಗಿ ಕೇಳಿಸಿಕೊಂಡವರ ತಲೆಯಾಟಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ನಾನು ಒಂದೇ ನೋಟಕ್ಕೆ ಹಿಡಿಯಬಲ್ಲೆ. ನನ್ನ ಕೆಲಸವೇ ಅದು. ಸೊಸೆಯ ತೋಳು ಹಿಡಿದು ಅವರು ಬೀದಿ ದಾಟುವವರೆಗೂ ನೋಡುತ್ತ ನಿಂತೆ. ಅವರ ತಲೆಯಾಟ ಆ ಎರಡರಲ್ಲಿ ಯಾವುದೆಂದು ತಿಳಿಯಲಿಲ್ಲ.