ಗದ್ದೆಮ್ಮನ ಬುತ್ತಿ

ಬೆಳಿಗ್ಗೆ ಐದೂವರೆಯಿಂದ ಆರರವರೆಗೆ ನನ್ನನ್ನು ಯಾರೂ ಮಾತಾಡಿಸಬಾರದು. ದಿನದಲ್ಲಿ ಆ ಅರ್ಧ ತಾಸು ಮಾತ್ರ ನನ್ನದು. ಬುದ್ಧನ ಫೋಟೊದ ಮುಂದೆ ಮೇಣದಬತ್ತಿ ಹಚ್ಚಿ, ಪಂಚಶೀಲ ಹೇಳಿ, ಕಣ್ಣು ಮುಚ್ಚಿ ಕೂರುತ್ತೇನೆ. ದೊಡ್ಡ ಭಕ್ತೆ ಅಂದುಕೊಳ್ಳಬೇಡಿ. ನಾನು ಸಿಡುಕಿ. ಹೋದ ವರ್ಷ ಮಾವ ಒಂದೇ ದಿನ ಮೂರು ಸಲ ಹಾಸಿಗೆ ಒದ್ದೆ ಮಾಡಿದಾಗ ಕೈ ಎತ್ತಿಬಿಟ್ಟಿದ್ದೆ. ಹೊಡೆಯಲಿಲ್ಲ. ಆದರೆ ಅವರು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮುದುರಿದ್ದನ್ನು ನೋಡಿದೆ. ಮರುದಿನದಿಂದ ಹೀಗೆ ಕೂರಲು ಶುರುಮಾಡಿದೆ.

ಮಾವನ ಹೆಸರು ಹುಸೇನಪ್ಪ. ಸಿಂಧನೂರಿನಲ್ಲಿ ಜವಾನರಾಗಿದ್ದು ನಿವೃತ್ತರಾದವರು. ಮೂವತ್ತು ವರ್ಷದ ಹಿಂದೆ ಈ ಮನೆಯ ದೇವರ ಜಗುಲಿ ತೆಗೆದು ಬುದ್ಧನನ್ನು ತಂದವರು ಅವರೇ. ನಾನು ಸೊಸೆಯಾಗಿ ಬಂದ ವಾರವೇ ಎದುರಿಗೆ ಕೂರಿಸಿಕೊಂಡು ಪಂಚಶೀಲ ಬಾಯಿಪಾಠ ಮಾಡಿಸಿದ್ದರು. ಈಗ ಮಗನ ಹೆಸರೂ ನೆನಪಿಲ್ಲ. ಆ ಮಗ, ನನ್ನ ಗಂಡ ಭೀಮೇಶ, ಕಲಬುರಗಿಯಲ್ಲಿ ನೌಕರಿ ಮಾಡುತ್ತಾನೆ, ತಿಂಗಳಿಗೆ ಎರಡು ಸಲ ಬರುತ್ತಾನೆ. ಫೋನಿನಲ್ಲಿ "ಸಮಾಧಾನ ತಗೋ ಸುಕನ್ಯಾ" ಅನ್ನುತ್ತಾನೆ. ತಗೊಳ್ಳಲಿಕ್ಕೆ ಅದೇನು ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆಯೇ?

ಆರು ಗಂಟೆಗೆ ಮಾವ ಏಳುತ್ತಾರೆ. ಎದ್ದ ಕೂಡಲೇ ಒಂದೇ ಮಾತು.

"ಗದ್ದೆಮ್ಮ ಎಲ್ಲಿ ಹೋಗ್ಯಾಳ?"

ಗದ್ದೆಮ್ಮ ನನ್ನ ಅತ್ತೆ. ತೀರಿಕೊಂಡು ಎರಡು ವರ್ಷವಾಯಿತು.

"ಅತ್ತಿ ತೀರಿಕೊಂಡಾರ್ರೀ ಮಾವ."

"ಯಾವಾಗ? ನನಗ ಯಾರೂ ಹೇಳಲೇ ಇಲ್ಲಲ್ಲ!"

ಹೀಗೆ ದಿನಾ ಬೆಳಿಗ್ಗೆ ನಮ್ಮ ಮನೆಯಲ್ಲಿ ಅತ್ತೆ ಹೊಸದಾಗಿ ಸಾಯುತ್ತಿದ್ದರು. ಮಾವ ಎದೆ ಬಡಿದುಕೊಂಡು ಅಳುತ್ತಿದ್ದರು, ನಾನೂ ಪಕ್ಕದಲ್ಲಿ ಕೂತು ಅಳುತ್ತಿದ್ದೆ. ಚಹಾ ಕುಡಿದ ಮೇಲೆ ಅವರು ಮರೆತುಬಿಡುತ್ತಿದ್ದರು. ನನಗೆಲ್ಲಿಯ ಆ ಭಾಗ್ಯ? ಎಂಟರ ಬಸ್ಸು ಹಿಡಿದು ಮಸ್ಕಿಯ ಕಚೇರಿ ಮುಟ್ಟಬೇಕು.

ಹಗಲು ಮಾವನನ್ನು ನೋಡಿಕೊಳ್ಳುವವಳು ಪಕ್ಕದ ಮನೆಯ ಹುಸೇನ್‌ಬೀ. ಒಂದು ದಿನ ಬೇಗ ಬಂದವಳು ಈ ಅಳು ಕೇಳಿ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಏನ್ ಬೇಟಿ, ದಿನಾ ಮುದುಕನ ಹೊಟ್ಟ್ಯಾಗ ಬೆಂಕಿ ಹಾಕ್ತೀಯಲ್ಲ! ಊರಿಗೆ ಹೋಗ್ಯಾಳ ಅಂದ್ರ ನಿನ್ನ ಗಂಟೇನು ಹೋಗ್ತೈತಿ?"

"ಸುಳ್ಳು ಹೇಳಂಗಿಲ್ಲ ಅಂತ ದಿನಾ ಬುದ್ಧನ ಮುಂದ ಮಾತು ಕೊಡ್ತೀನಿ, ಹುಸೇನ್‌ಬೀ. ನಾಲ್ಕನೇ ಶೀಲ ಅದು."

"ಹಂಗಾದ್ರ ನಿನ್ನ ಬುದ್ಧಗ ಹೇಳು, ಒಂದಿನ ಬಂದು ಈ ಮುದುಕನ್ನ ಸುಮ್ಮನಿರಿಸಂತ!"

ಸಿಟ್ಟು ನೆತ್ತಿಗೇರಿತು. ಅವಳಿಗೇನು ಗೊತ್ತು? ಎತ್ತಿದ ನನ್ನ ಕೈಯನ್ನು ಕಟ್ಟಿಹಾಕಿದ್ದೇ ಆ ಐದು ಸಾಲು. ಒಂದು ಸಡಿಲಾದರೆ ಉಳಿದ ನಾಲ್ಕೂ ಬಿಚ್ಚಿಕೊಂಡು, ಕೈ ಮತ್ತೆ ಮೇಲೇಳುತ್ತದೆಂದು ನನಗೆ ಹೆದರಿಕೆ. ಇದನ್ನು ಯಾರ ಹತ್ತಿರ ಹೇಳಲಿ? ಭೀಮೇಶನಿಗೆ ನಾನು ಕೈ ಎತ್ತಿದ್ದೇ ಗೊತ್ತಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಮಾವ ಸುದ್ದಿ ಕೇಳಿ ಅಳಲಿಲ್ಲ. ತಮ್ಮ ಎರಡೂ ಅಂಗೈ ನೋಡಿಕೊಂಡು ಕೇಳಿದರು.

"ಆಕಿಗೆ ನಾ ಮಣ್ಣು ಹಾಕಿದ್ನೇನು?"

ಹಾಕಿರಲಿಲ್ಲ. ಅವತ್ತು ಗುಂಡಿಯ ಪಕ್ಕ ನಿಂತು "ಯಾರು ಸತ್ತಾರ?" ಅಂತ ಕೇಳಿದ್ದರು, ಬಿಸಿಲು ಜಾಸ್ತಿಯಾಯಿತೆಂದು ಮನೆಗೆ ಹೊರಟುಬಿಟ್ಟಿದ್ದರು. ಇದನ್ನು ಹೇಗೆ ಹೇಳಲಿ? ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿತು.

"ಅತ್ತಿ ಸತ್ತಿಲ್ರೀ ಮಾವ. ಸುಮ್ನ ಅಂದೆ. ಬಳಗಾನೂರಿಗೆ ನಾಟಿ ಹಚ್ಚಾಕ ಹೋಗ್ಯಾರ."

"ಥೂ ನಿನ್ನ! ಹಿಂಗೂ ಚಾಷ್ಟಿ ಮಾಡ್ತಾರೇನು?" ಅಂದವರು ನಕ್ಕುಬಿಟ್ಟರು. ಎರಡು ವರ್ಷದಲ್ಲಿ ಆ ನಗು ನೋಡಿರಲಿಲ್ಲ. "ಬುತ್ತಿ ಒಯ್ದಾಳೇನು?"

"ಇಲ್ರಿ."

"ನೀ ಬಸ್ಸಿನ್ಯಾಗ ಹೋಗ್ತೀಯಲ್ಲ, ಕೊಟ್ಟು ಹೋಗು. ಪುಂಡಿಪಲ್ಯ ಇಡು. ಆಕಿಗೆ ಭಾಳ ಸೇರ್ತೈತಿ."

ನಾನು ಕಟ್ಟುವವರೆಗೂ ಅವರು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದರು. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. ಬಸ್ಸು ಕಾಲುವೆ ದಾಟಿದ ಮೇಲೆ ಗದ್ದೆಗಳಲ್ಲಿ ಹೆಂಗಸರು ಬಗ್ಗಿ ನಾಟಿ ಹಚ್ಚುತ್ತಿದ್ದರು. ಬುತ್ತಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯಿಂದ ನೋಡುತ್ತಲೇ ಇದ್ದೆ. ಹಸಿರು ಸೀರೆಯವಳೊಬ್ಬಳು ನೆಟ್ಟಗೆ ನಿಂತು ಬೆವರು ಒರೆಸಿಕೊಂಡಾಗ ಸೀಟಿನಿಂದ ಅರ್ಧ ಎದ್ದುಬಿಟ್ಟೆ. ಹುಚ್ಚಿ, ಯಾರನ್ನ ಹುಡುಕುತ್ತೀ ಅಂತ ನನ್ನನ್ನೇ ಬೈದುಕೊಂಡೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಕಡತಗಳ ನಡುವೆ ಕೂತು ಆ ಬುತ್ತಿ ಬಿಚ್ಚಿ ತಿಂದೆ. ಮೊದಲ ತುತ್ತಿಗೇ ಅಳು ಬಂತು. ನಿನ್ನೆಯವರೆಗೆ ಅತ್ತೆಗಾಗಿ ಅಳಲು ನಾವಿಬ್ಬರಿದ್ದೆವು. ಇನ್ನು ಮೇಲೆ ನಾನೊಬ್ಬಳೇ.

ಮರುದಿನ ಮೇಣದಬತ್ತಿ ಹಚ್ಚಿ ಕೂತೆ. ಮೂರು ಶೀಲ ಹೇಳಿದೆ. ನಾಲ್ಕನೆಯದಕ್ಕೆ ನಾಲಿಗೆ ಏಳಲಿಲ್ಲ.

"ಮುಂದ ಹೇಳವ್ವಾ. ಮರ್ತೇನು?"

ತಿರುಗಿ ನೋಡಿದೆ. ಮಾವ ಹಾಸಿಗೆಯಲ್ಲಿ ಎದ್ದು ಕೂತಿದ್ದರು, ಬೆನ್ನು ನೆಟ್ಟಗೆ. "ಮುಸಾವಾದಾ ವೇರಮಣಿ" ಎಂದು ಶುರುಮಾಡಿ, ಒಂದಕ್ಷರ ತಪ್ಪದೆ ಇಡೀ ಸಾಲು ಹೇಳಿದರು. ಹೊಸ ಸೊಸೆಗೆ ಕಲಿಸುವಾಗ ಹೇಳುತ್ತಿದ್ದಂತೆಯೇ, ನಿಧಾನವಾಗಿ. ಹೇಳಿ ನನ್ನ ಮುಖ ನೋಡುತ್ತ ಕಾದರು.

"ಹ್ಞಾಂ, ಅನ್ನು."

ಅಂದೆ. ಐದನೆಯದನ್ನೂ ಅಂದು ಕಣ್ಣು ಮುಚ್ಚಿ ಕೈಮುಗಿದೆ. ಕಣ್ಣು ತೆರೆಯುವಷ್ಟರಲ್ಲಿ ಅವರ ಮುಖ ಮತ್ತೆ ಮಸುಕಾಗಿತ್ತು. ಕೋಣೆಯ ತುಂಬ ಯಾರನ್ನೋ ಹುಡುಕುತ್ತಿದ್ದರು.

"ಗದ್ದೆಮ್ಮ ಎಲ್ಲಿ ಹೋಗ್ಯಾಳ?"

ನನ್ನ ಬಾಯಲ್ಲಿ ನಾಲ್ಕನೆಯ ಶೀಲ ಇನ್ನೂ ಆರಿರಲಿಲ್ಲ.

"ಬಳಗಾನೂರಿಗೆ ಹೋಗ್ಯಾರ್ರೀ ಮಾವ. ನಾಟಿ ಇನ್ನೂ ಮುಗಿದಿಲ್ಲ."

"ಬುತ್ತಿ ಒಯ್ದಾಳೇನು?"

"ನಾ ಒಯ್ತೀನ್ರಿ," ಅಂದು ಹಿಟ್ಟು ಕಲಸಲು ಎದ್ದೆ.